ಹಾಲು ಕಕ್ಕುವ ಕೂಸು, ಮೂರು ಬಾಟಲಿ, ಮನೆ ತುಂಬ ಸಲಹೆ

ಪ್ರಶ್ನೆ: ನನ್ನ ಮಗನಿಗೆ ಈಗ ಹನ್ನೊಂದು ವಾರ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಬಾಣಂತನಕ್ಕೆ ಗದುಗಿನಿಂದ ಅತ್ತೆ ಬಂದಿದ್ದಾರೆ. ಮಗು ಕುಡಿದಾಗಲೆಲ್ಲ ಕಕ್ಕುತ್ತದೆ, ಒಮ್ಮೊಮ್ಮೆ ಮೂಗಿನಿಂದಲೂ ಬರುತ್ತದೆ. ಸಂಜೆ ಎದೆಗೆ ಹಾಕಿಕೊಂಡರೆ ಎರಡು ನಿಮಿಷ ಕುಡಿದು, ಕೆಮ್ಮಿ, ಬೆನ್ನು ಬಿಲ್ಲಿನಂತೆ ಬಾಗಿಸಿ ಕಿರುಚುತ್ತದೆ. ‘ನಿನ್ನ ಹಾಲು ಸಾಲುತ್ತಿಲ್ಲ’ ಎಂದು ಅತ್ತೆ ಒಂದು ತಿಂಗಳಿಂದ ದಿನಕ್ಕೆ ಮೂರು ಸಲ, ಎದೆಹಾಲು ಆದ ಕೂಡಲೇ, 120 ಮಿಲೀ ಪುಡಿಹಾಲನ್ನು ಬಾಟಲಿಯಲ್ಲಿ ಕುಡಿಸುತ್ತಿದ್ದಾರೆ. ಪಕ್ಕದ ಮನೆಯ ಆಜಿ ಬಾಳಗುಟಿ (ಬೇರು, ಕಾಯಿ ತೇಯ್ದು ಕೂಸಿಗೆ ನೆಕ್ಕಿಸುವ ಮನೆಮದ್ದು) ತೇಯ್ದು ಹಾಕಿ ಅನ್ನುತ್ತಾರೆ. ಡಾಕ್ಟರು ‘ರಿಫ್ಲಕ್ಸ್ (ಹೊಟ್ಟೆಗೆ ಹೋದದ್ದು ಅನ್ನನಾಳಕ್ಕೆ ಮರಳಿ ಬರುವುದು) ಇರಬಹುದು’ ಎಂದು ವಾಂತಿ ತಡೆಯುವ ಡೊಂಪೆರಿಡೋನ್ ಹನಿಯನ್ನೂ ಆಮ್ಲ ಕಡಿಮೆ ಮಾಡುವ ಇನ್ನೊಂದು ಔಷಧವನ್ನೂ ಬರೆದಿದ್ದಾರೆ, ಇನ್ನೂ ಶುರು ಮಾಡಿಲ್ಲ. ಗಂಡ ರಾತ್ರಿ ಒಂಬತ್ತಕ್ಕೆ ಲೋಕಲ್ ರೈಲು ಇಳಿದು ಬಂದು ‘ಡಾಕ್ಟರ್ ಹೇಳಿದ್ದು ಮಾಡು’ ಎಂದು ಮಲಗುತ್ತಾರೆ. ಯಾರ ಮಾತು ಕೇಳಲಿ? ಮಗುವಿನ ತೂಕ ಹುಟ್ಟಿದಾಗ 2.9 ಕೆಜಿ, ಆರು ವಾರದ ಲಸಿಕೆಗೆ ಹೋದಾಗ 4.1, ಹತ್ತು ವಾರಕ್ಕೆ 5.1.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ನೀವು ಕೊನೆಗೆ ಬರೆದ ತೂಕ. ಆರರಿಂದ ಹತ್ತನೇ ವಾರದ ಮಧ್ಯೆ, 28 ದಿನದಲ್ಲಿ, ಮಗು ಒಂದು ಕೆಜಿ ಏರಿದೆ. ಅಂದರೆ ದಿನಕ್ಕೆ 35 ಗ್ರಾಂ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 25ರಿಂದ 30 ಗ್ರಾಂ ಏರಿದರೆ ಸಾಕು. ಹಾಲು ಸಾಲದ ಮಗುವಿನ ಲೆಕ್ಕ ಇದಲ್ಲ.

ಇನ್ನೊಂದು ಲೆಕ್ಕ ನೋಡಿ. ಬರೀ ಪುಡಿಹಾಲು ಕುಡಿಯುವ ಮಗುವಿಗೂ ಸಾಮಾನ್ಯವಾಗಿ ತೂಕದ ಪ್ರತಿ ಕೆಜಿಗೆ ದಿನಕ್ಕೆ 150 ಮಿಲೀ ಸಾಕು. 5.1 ಕೆಜಿಗೆ ಅದು ಸುಮಾರು 765 ಮಿಲೀ. ನಿಮ್ಮ ಮನೆಯ ಮೂರು ಬಾಟಲಿಗಳೇ 360 ಮಿಲೀ ಆದವು, ಹತ್ತಿರ ಹತ್ತಿರ ಅರ್ಧ. ಅದೂ ಎದೆಹಾಲು ಕುಡಿದು ತುಂಬಿದ ಹೊಟ್ಟೆಯ ಮೇಲೆ. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದರೆ ಹೊರಗೆ ಚೆಲ್ಲದೆ ಇನ್ನೇನಾದೀತು? ಆದ್ದರಿಂದ ಔಷಧಕ್ಕಿಂತ, ಬಾಳಗುಟಿಗಿಂತ ಮೊದಲು ಕೈ ಹಾಕಬೇಕಾದದ್ದು ಬಾಟಲಿಗೆ.

ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ಎಳೆಯ ಮಕ್ಕಳಲ್ಲಿ ಅದು ಆಗಾಗ ತಾನಾಗಿ ಸಡಿಲವಾಗುತ್ತದೆ. ಅನ್ನನಾಳ ಗಿಡ್ಡ, ಆಹಾರವೆಲ್ಲ ನೀರು, ದಿನದ ಬಹುಪಾಲು ಮಲಗಿಯೇ ಕಳೆಯುವುದು. ಹಾಲು ಮೇಲೆ ಬರದಿದ್ದರೇ ಆಶ್ಚರ್ಯ. ನೂರರಲ್ಲಿ ಕನಿಷ್ಠ ನಲವತ್ತು ಮಕ್ಕಳು ಹೀಗೆ ಕಕ್ಕುತ್ತವೆ. ಸಾಮಾನ್ಯವಾಗಿ ಎಂಟು ವಾರದೊಳಗೆ ಶುರುವಾಗಿ, ನಾಲ್ಕನೇ ತಿಂಗಳ ಹೊತ್ತಿಗೆ ಜೋರಾಗಿ, ವರ್ಷ ತುಂಬುವುದರೊಳಗೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ನಿಂತುಹೋಗುತ್ತದೆ. ಮೂಗಿನಿಂದ ಬಂದರೆ ಹೆದರಬೇಡಿ, ಮೂಗೂ ಗಂಟಲೂ ಒಳಗೆ ಒಂದೇ ದಾರಿ. ಒರೆಸಿ ಬಿಡಿ. ಎಷ್ಟು ಕಕ್ಕಿತು ಎಂಬುದರಲ್ಲೂ ಕಣ್ಣು ಮೋಸ ಮಾಡುತ್ತದೆ. ಒಂದು ಟೇಬಲ್ ಚಮಚ, ಅಂದರೆ 15 ಮಿಲೀ ಹಾಲನ್ನು ಒಣ ಲಂಗೋಟಿಯ ಮೇಲೆ ಸುರಿದು ಅತ್ತೆಗೆ ತೋರಿಸಿ. ‘ಕುಡಿದದ್ದೆಲ್ಲ ಹೋಯಿತು’ ಎನ್ನುವ ಕಲೆ ಬಹುತೇಕ ಅಷ್ಟೇ ಇರುತ್ತದೆ. (ಮಳೆಗಾಲದ ಡೊಂಬಿವಲಿಯಲ್ಲಿ ಆ ಲಂಗೋಟಿಗಳನ್ನು ಒಣಗಿಸುವ ಪಾಡು ಬೇರೆ. ಅದು ಕಷ್ಟವೇ, ಕಾಯಿಲೆಯಲ್ಲ.)

ಬಾಟಲಿಯನ್ನು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಪುಡಿಹಾಲಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ 30 ಮಿಲೀ ನೀರಿಗೆ ಒಂದು ಸಮತಟ್ಟು ಸ್ಕೂಪ್ ಎಂದಿರುತ್ತದೆ, ನಿಮ್ಮ ಡಬ್ಬಿಯ ಮೇಲೆ ನೋಡಿಕೊಳ್ಳಿ. ಮೂರೂ ಬಾಟಲಿಗಳಲ್ಲಿ ಒಂದೊಂದು ಸ್ಕೂಪ್, ಅದರ ಪಾಲಿನ 30 ಮಿಲೀ ನೀರಿನ ಸಮೇತ, ಕಡಿಮೆ ಮಾಡಿ: 120 ಹೋಗಿ 90. ಮೂರು ನಾಲ್ಕು ದಿನ ನೋಡಿ, ಆಮೇಲೆ 60. ನೀರು ಅಷ್ಟೇ ಇಟ್ಟು ಪುಡಿ ಮಾತ್ರ ಕಡಿಮೆ ಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ತೆಳು ಹಾಲಿನಲ್ಲಿ ಹೊಟ್ಟೆ ತುಂಬಿದರೂ ಮೈ ತುಂಬದು. ಎದೆಹಾಲಿನ ಬೆನ್ನಿಗೇ ಬಾಟಲಿ ಬೇಡ. ಮಗು ಮತ್ತೆ ಹಸಿವು ತೋರಿಸಿದಾಗ, ಅಂದರೆ ಮುಷ್ಟಿ ಚೀಪುವುದು, ಬಾಯಿ ತೆರೆದು ಆಚೀಚೆ ಹುಡುಕುವುದು ಕಂಡಾಗ, ಮೊದಲು ಎದೆ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಊರುತ್ತದೆ. ಬಾಟಲಿ ಇಳಿದಂತೆ ನಿಮ್ಮ ಹಾಲು ತಾನೇ ಏರುತ್ತದೆ. ಕಾವಲಿಗೆ ಎರಡು ಗುರುತು: 24 ಗಂಟೆಯಲ್ಲಿ ಆರು ಸಲ ಚೆನ್ನಾಗಿ ಉಚ್ಚೆ, ವಾರಕ್ಕೆ 150 ಗ್ರಾಂ ತೂಕ. ಎರಡರಲ್ಲಿ ಯಾವುದು ಕಡಿಮೆಯಾದರೂ ಹಿಂದಿನ ಅಳತೆಗೆ ಹೋಗಿ, ಡಾಕ್ಟರನ್ನು ಕಾಣಿ. ತೂಕ ವಾರಕ್ಕೊಮ್ಮೆ ಸಾಕು: ಅದೇ ತಕ್ಕಡಿ, ಬರಿಮೈ, ಹಾಲು ಕುಡಿಸುವ ಮುಂಚೆ.

ಉಳಿದ ಬಾಟಲಿಗಳನ್ನು ಕುಡಿಸುವ ರೀತಿಯೂ ಬದಲಾಗಲಿ. ಮಗುವನ್ನು ಮಲಗಿಸಿ ಮೇಲಿನಿಂದ ಸುರಿದಂತೆ ಹಿಡಿದರೆ ಬೇಡವೆಂದರೂ ನುಂಗಲೇಬೇಕಾಗುತ್ತದೆ. ತೊಡೆಯ ಮೇಲೆ ಅರೆ ಕೂತ ಭಂಗಿಯಲ್ಲಿಟ್ಟು, ಬಾಟಲಿಯನ್ನು ಹೆಚ್ಚುಕಮ್ಮಿ ಅಡ್ಡಕ್ಕೆ ಹಿಡಿಯಿರಿ. ನಿಪ್ಪಲಿನಲ್ಲಿ ಹಾಲು ಇದ್ದರೆ ಸಾಕು. ಐದಾರು ಗುಟುಕಿಗೊಮ್ಮೆ ಬಾಟಲಿ ಇಳಿಸಿ ಉಸಿರು ತೆಗೆದುಕೊಳ್ಳಲು ಬಿಡಿ. ಒಂದು ಬಾಟಲಿಗೆ 15–20 ನಿಮಿಷ ಹಿಡಿಯಬೇಕು. ಐದು ನಿಮಿಷದಲ್ಲಿ ಮುಗಿದರೆ ನಿಪ್ಪಲಿನ ತೂತು ದೊಡ್ಡದು. ತಲೆಕೆಳಗು ಹಿಡಿದಾಗ ಹಾಲು ಹನಿಹನಿಯಾಗಿ ತೊಟ್ಟಿಕ್ಕಬೇಕು, ಧಾರೆಯಾಗಿ ಇಳಿಯಬಾರದು. ಜೋರಾಗಿ ಕುಲುಕಿದ ಹಾಲಿನ ನೊರೆ ಇಳಿಯುವವರೆಗೆ ಕಾಯಿರಿ. ಮುಖ ತಿರುಗಿಸಿತೋ, ಊಟ ಮುಗಿಯಿತು. ತಳದಲ್ಲಿ 20 ಮಿಲೀ ಉಳಿದರೆ ಚೆಲ್ಲಿ. ‘ಹಾಲು ಹಾಳು ಮಾಡಬಾರದು’ ಎಂದು ಅದನ್ನೂ ಬಾಯಿಗೆ ತುರುಕುವುದರಿಂದಲೇ ಅರ್ಧ ತಾಪತ್ರಯ. ಒತ್ತಾಯ ದಿನವೂ ನಡೆದರೆ ಮಗು ಬಾಟಲಿ ಕಂಡರೇ ಅಳುವ ಹಂತಕ್ಕೆ ಬರುತ್ತದೆ, ಆಗ ಅದನ್ನು ಬಿಡಿಸಲು ವಾರಗಟ್ಟಲೆ ಬೇಕು.

ಈಗ ಸಂಜೆಯ ರಂಪ. ‘ಎರಡು ನಿಮಿಷ ಕುಡಿದು, ಕೆಮ್ಮಿ’ ಎಂದು ಬರೆದಿದ್ದೀರಿ. ಆ ‘ಕೆಮ್ಮಿ’ ಎಂಬ ಮಾತು ದಾರಿ ತೋರಿಸುತ್ತದೆ. ಕುಡಿಯಲು ಶುರುಮಾಡಿದ ಒಂದೆರಡು ನಿಮಿಷಕ್ಕೆ ತಾಯಿಯ ಹಾಲು ಒಮ್ಮೆಲೇ ಇಳಿದು ಬರುತ್ತದೆ. ಕೆಲವರಲ್ಲಿ ಅದರ ರಭಸ ಎಷ್ಟೆಂದರೆ ಮಗು ಉಸಿರು ಕಟ್ಟಿ, ಬಾಯಿ ಬಿಟ್ಟು, ಬೆನ್ನು ಬಾಗಿಸಿ ಪ್ರತಿಭಟಿಸುತ್ತದೆ. ನೋಡಿದವರು ಹಾಲಿಲ್ಲ ಎನ್ನುತ್ತಾರೆ. ಆಗಿರುವುದು ಅದರ ತಿರುವು ಮುರುವು. ಪರೀಕ್ಷೆ ಸುಲಭ: ಹಾಲು ಜುಮ್ಮೆಂದು ಇಳಿಯುವಾಗ ಮಗುವನ್ನು ಬಿಡಿಸಿ, ಮೊದಲ ಚಿಮ್ಮನ್ನು ಬಟ್ಟೆಗೆ ಬಿಟ್ಟು, ನಿಂತ ಮೇಲೆ ಮತ್ತೆ ಹಿಡಿಸಿ. ಜೊತೆಗೆ ನೀವು ದಿಂಬುಗಳಿಗೆ ಒರಗಿ ಅರೆ ಮಲಗಿ, ಮಗುವನ್ನು ನಿಮ್ಮ ಎದೆಯ ಮೇಲೆ ಬೋರಲಾಗಿಟ್ಟು ಕುಡಿಸಿ. ಹಾಲು ಮೇಲ್ಮುಖವಾಗಿ ಹೋಗಬೇಕಾದ್ದರಿಂದ ರಭಸ ಮುರಿಯುತ್ತದೆ. ಒಂದು ವಾರದಲ್ಲಿ ರಂಪ ಅರ್ಧಕ್ಕಿಳಿದರೆ ಕಾರಣ ಸಿಕ್ಕಂತೆ.

ಇಳಿಯದಿದ್ದರೆ ಹಿಡಿತ ನೋಡಿ. ಬಾಯಿ ಆಕಳಿಸಿದಷ್ಟು ತೆರೆದಿರಬೇಕು, ಗದ್ದ ಎದೆಗೆ ಒತ್ತಿರಬೇಕು, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಕಡೆ ಹೆಚ್ಚು, ಕೆಳದುಟಿಯ ಕಡೆ ಕಡಿಮೆ ಕಾಣಬೇಕು. ಚಪ್‌ಚಪ್ ಸದ್ದು ಬಂದರೆ ಗಾಳಿ ನುಂಗುತ್ತಿದೆ ಎಂದರ್ಥ. ಕಿರುಬೆರಳು ಬಾಯಂಚಿಗೆ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ನಾಲಗೆ, ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಪದರ ಇದೆಯೇ, ಮೂಗು ಕಟ್ಟಿದೆಯೇ ಎಂದೂ ನೋಡಿ. ಇವೂ ಮಗು ಎದೆ ಬಿಟ್ಟು ಅಳಲು ಕಾರಣ. ಪೊವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಈ ಹಿಡಿತವನ್ನು ಭಾರತೀಯ ಭಾಷೆಗಳಲ್ಲಿ ವಿಡಿಯೊ ಮಾಡಿಟ್ಟಿದ್ದಾರೆ. ಯಾರಾದರೂ ಎದುರಿಗೇ ಕೂತು ನೋಡಬೇಕು ಅನ್ನಿಸಿದರೆ ನಿಮ್ಮದೇ ಸೆಂಟ್ರಲ್ ರೈಲು ಲೈನಿನಲ್ಲಿ ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆ ಇದೆ. 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಕಟ್ಟಿದ್ದು ಅಲ್ಲೇ.

ಕುಡಿದ ಮೇಲೆ 20–30 ನಿಮಿಷ ಹೆಗಲ ಮೇಲೆ ನೆಟ್ಟಗೆ. ಕೂರಿಸುವ ಬೌನ್ಸರ್ ಅದಕ್ಕೆ ಬದಲಿಯಲ್ಲ, ಅದರಲ್ಲಿ ಮಗು ಮುದುಡಿ ಹೊಟ್ಟೆ ಒತ್ತುತ್ತದೆ. ಡೈಪರ್ ಪಟ್ಟಿ ಬಿಗಿಯಾಗಿದ್ದರೂ ಅದೇ. ಮಾಲಿಶ್‌ಗೆ ಕೆಲಸದ ಹೆಂಗಸು ಬರುವುದಾದರೆ ಹಾಲಿಗೂ ಎಣ್ಣೆಗೂ ಒಂದು ಗಂಟೆ ಅಂತರವಿರಲಿ. ಹೊಟ್ಟೆ ತುಂಬಿದ ಮಗುವಿನ ಮೊಣಕಾಲನ್ನು ಹೊಟ್ಟೆಗೆ ಒತ್ತಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಲೋಬಾನದ ಹೊಗೆ, ಮನೆಯಲ್ಲಿ ಯಾರದಾದರೂ ಸಿಗರೇಟು ಇದ್ದರೆ ಅದೂ, ನಿಲ್ಲಲಿ.

ಮಲಗಿಸುವುದು ಅಂಗಾತವೇ, ಚಪ್ಪಟೆ ಹಾಸಿಗೆಯ ಮೇಲೆಯೇ. ಕಕ್ಕಿದ್ದು ಉಸಿರಿನ ದಾರಿಗೆ ಹೋದೀತು ಎಂದು ಹಿರಿಯರು ಬೋರಲು ಅಥವಾ ಮಗ್ಗುಲಾಗಿ ಮಲಗಿಸುತ್ತಾರೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಏರಿ ಶ್ವಾಸನಾಳಕ್ಕೆ ಹೋಗಬೇಕು, ಅದು ಕಷ್ಟ. ಬೋರಲು ಮಲಗಿಸಿದರೆ ಲೆಕ್ಕ ಉಲ್ಟಾ. ಸಾಸಿವೆ ದಿಂಬು, ಇಳಿಜಾರು ದಿಂಬು ಎರಡೂ ಬೇಡ, ಗದ್ದ ಎದೆಗೆ ಬಾಗಿ ಉಸಿರು ಕಟ್ಟುತ್ತದೆ.

ಪಕ್ಕದ ಮನೆಯ ಆಜಿಗೆ ಕೈಮುಗಿದು ಹೇಳಿ: ಬಾಳಗುಟಿ ಬೇಡ. ಬಜೆ, ಜಾಯಿಕಾಯಿ, ಅಳಲೆಕಾಯಿಯನ್ನು ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಇಳಿಯಿತು ಎಂಬುದಕ್ಕೆ ಅಳತೆಯಿಲ್ಲ, ಜಾಯಿಕಾಯಿ ಹೆಚ್ಚಾದರೆ ಮಂಪರು. ನಮ್ಮ ಕಡೆಯ ಬಜೆ ತೇಯ್ದು ನೆಕ್ಕಿಸುವುದಕ್ಕೂ ಇದೇ ಮಾತು. ಗ್ರೈಪ್ ವಾಟರ್, ಹಾಲು ಗಟ್ಟಿಯಾಗಲೆಂದು ರಾಗಿ ಸರಿ ಬೆರೆಸುವುದು ಯಾವುದೂ ಆರು ತಿಂಗಳ ತನಕ ಇಲ್ಲ. ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಮಾತ್ರ ಸರಿ. ನಿಮ್ಮ ತಟ್ಟೆಯಿಂದ ಬದನೆ, ಬೇಳೆ, ಆಲೂಗಡ್ಡೆ ತೆಗೆದಿದ್ದರೆ ವಾಪಸ್ ಬರಲಿ.

ಆ ಎರಡು ಔಷಧ? ಶುರು ಮಾಡದಿರುವುದು ತಪ್ಪಲ್ಲ, ಆದರೆ ಮುಚ್ಚಿಡಬೇಡಿ. ಈ ವಾರವೇ ಡಾಕ್ಟರ ಬಳಿ ಹೋಗಿ ತೂಕದ ಲೆಕ್ಕ, ಬಾಟಲಿಯ ಲೆಕ್ಕ ಹೇಳಿ, ‘ಹಾಲಿನ ಅಳತೆ ಸರಿಮಾಡಿ ಎರಡು ವಾರ ನೋಡಬಹುದೇ?’ ಎಂದು ನೇರವಾಗಿ ಕೇಳಿ. ಆಮ್ಲದ ಔಷಧ ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ, ಬರುವ ಹಾಲಿನ ಹುಳಿ ಕಡಿಮೆ ಮಾಡುತ್ತದೆ ಅಷ್ಟೆ. ಹೊಟ್ಟೆಯ ಆಮ್ಲ ಸೋಂಕಿಗೂ ತಡೆ, ಅದನ್ನು ತಗ್ಗಿಸುವುದಕ್ಕೆ ಬೆಲೆ ಇದೆ. ಬರೀ ಕಕ್ಕುವ, ತೂಕ ಏರುವ ಮಗುವಿಗೆ ಇದು ಬೇಡವೆಂಬುದೇ ಈಗಿನ ಮಾರ್ಗಸೂಚಿಗಳ ನಿಲುವು. ಡೊಂಪೆರಿಡೋನ್ ಹೃದಯದ ಬಡಿತದ ಲಯ ಕೆಡಿಸಬಹುದು. ಆ ಕಾರಣಕ್ಕೇ ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಅದರ ಬಳಕೆಯನ್ನು ಬಿಗಿಮಾಡಿತು. ಡಾಕ್ಟರು ಕೊಡಲೇಬೇಕೆಂದರೆ ಯಾವುದಕ್ಕೆ, ಎಷ್ಟು ದಿನ, ಯಾವಾಗ ನಿಲ್ಲಿಸುವುದು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಬಾಟಲಿ ಇಳಿಸುವುದು, ಔಷಧ, ಹೊಸ ಪುಡಿ ಮೂರನ್ನೂ ಒಂದೇ ದಿನ ಶುರು ಮಾಡಿದರೆ ಯಾವುದು ಕೆಲಸ ಮಾಡಿತೆಂದು ಯಾರಿಗೂ ತಿಳಿಯದು. ಮಕ್ಕಳ ಅಳು ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಆ ಇಳಿತದ ಹೊತ್ತಿಗೆ ಕೈಯಲ್ಲಿದ್ದ ಔಷಧಕ್ಕೆ ಎಷ್ಟೋ ಸಲ ಪುಕ್ಕಟೆ ಹೆಸರು ಬರುತ್ತದೆ.

ಮಲದಲ್ಲಿ ರಕ್ತದ ಎಳೆ ಅಥವಾ ತುಂಬ ಲೋಳೆ, ಮೈಮೇಲೆ ಬಿಡದ ಎಕ್ಸಿಮಾ (ಕೆಂಪಾಗಿ ತುರಿಸುವ ಚರ್ಮದ ತೊಂದರೆ), ಮನೆಯಲ್ಲಿ ಅಲರ್ಜಿಯ ಇತಿಹಾಸ ಇದ್ದರೆ ಹಸುವಿನ ಹಾಲಿನ ಪ್ರೋಟೀನ್ ಮೇಲೆ ಗುಮಾನಿ ಪಡಬೇಕು. ಆಗ ಡಾಕ್ಟರ ಸಲಹೆಯಂತೆ ನೀವು ಹಾಲು, ಮೊಸರು, ಮಜ್ಜಿಗೆ, ಪನೀರ್, ಚಹಾದ ಹಾಲನ್ನೂ ಎರಡರಿಂದ ನಾಲ್ಕು ವಾರ ಬಿಟ್ಟು, ಕ್ಯಾಲ್ಸಿಯಂ ತೆಗೆದುಕೊಂಡು, ಮತ್ತೆ ಶುರು ಮಾಡಿ ನೋಡುವುದು. ಮಗುವಿನ ಪುಡಿಹಾಲೂ ಹಸುವಿನದೇ, ಅದನ್ನೂ ಬದಲಿಸಬೇಕಾಗುತ್ತದೆ. ಎಮ್ಮೆ, ಮೇಕೆ ಹಾಲು ಬದಲಿಯಲ್ಲ, ಪ್ರೋಟೀನ್ ಹತ್ತಿರದ್ದೇ. ನಿಮ್ಮ ಪತ್ರದಲ್ಲಿ ಇಂಥ ಗುರುತಿಲ್ಲ, ಸುಮ್ಮನೆ ಮೊಸರು ಬಿಡಬೇಡಿ.

ಇವು ಕಂಡರೆ ಮಾತ್ರ ಅಂಕಣ, ಅತ್ತೆ, ಆಜಿ ಯಾರನ್ನೂ ಕೇಳುತ್ತ ಕೂರಬೇಡಿ, ಮಕ್ಕಳ ಶಸ್ತ್ರಚಿಕಿತ್ಸಕರಿರುವ ಹತ್ತಿರದ ಆಸ್ಪತ್ರೆಗೆ ಅದೇ ಗಳಿಗೆ ಹೊರಡಿ: ಹಸಿರು ವಾಂತಿ, ರಕ್ತ ಅಥವಾ ಕಾಫಿ ಪುಡಿಯಂಥ ವಾಂತಿ, ಪ್ರತಿ ಸಲ ಮಾರುದೂರ ಚಿಮ್ಮುವ ವಾಂತಿ, 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲಿನ ಜ್ವರ, ಉಬ್ಬಿದ ನೆತ್ತಿ, ಕಲ್ಲಿನಂತೆ ಬಿಗಿದ ಹೊಟ್ಟೆ, ಎಬ್ಬಿಸಿದರೂ ಏಳದ ಮಂಪರು, ಎಂಟು ಗಂಟೆ ಉಚ್ಚೆಯಿಲ್ಲದಿರುವುದು. ಚಿಮ್ಮುವ ವಾಂತಿಯ ಬೆನ್ನಿಗೇ ಮಗು ಹಸಿದು ಅಳುವುದು ಹೊಟ್ಟೆಯ ಕೆಳಬಾಯಿ ದಪ್ಪಗಾಗಿ ಮುಚ್ಚಿಕೊಳ್ಳುವ ತೊಂದರೆಯ ಗುರುತು. ಗಂಡುಮಕ್ಕಳಲ್ಲಿ, ಮೊದಲ ಎರಡು ತಿಂಗಳಲ್ಲಿ ಅದು ಹೆಚ್ಚು. ತೂಕ ಹೀಗೆ ಏರುವ ನಿಮ್ಮ ಮಗುವಿಗೆ ಅದರ ಸಾಧ್ಯತೆ ಕಡಿಮೆ.

ಅತ್ತೆಯ ಕೈಯಿಂದ ಬಾಟಲಿ ಕಿತ್ತುಕೊಳ್ಳುವ ಜಗಳಕ್ಕೆ ಹೋಗಬೇಡಿ. ಅವರಿಗೆ ಹೆಗಲ ಕೆಲಸ ಕೊಡಿ. ಕುಡಿದ ಮೇಲಿನ ಆ ಅರ್ಧ ಗಂಟೆ, ತೇಗು ತೆಗೆಯುವುದು, ಲಾಲಿ, ಎಲ್ಲ ಅವರದೇ. ಗಂಡನಿಗೆ ಒಂದು ನೋಟ್‌ಬುಕ್. ಮೂರು ದಿನ ಬರೆಯಲಿ: ಎಷ್ಟು ಗಂಟೆಗೆ, ಎದೆಯೋ ಬಾಟಲಿಯೋ, ಎಷ್ಟು ಮಿಲೀ, ಕಕ್ಕಿದ್ದು ಎಷ್ಟು ಹೊತ್ತಿಗೆ, ಉಚ್ಚೆ ಎಷ್ಟು ಸಲ. ಹಗಲಿನದನ್ನು ನೀವು ಫೋನಿನಲ್ಲಿ ಹೇಳಿ, ಲೋಕಲಿನಲ್ಲಿ ನಿಂತೇ ಬರೆದುಕೊಳ್ಳಬಹುದು. ಲಸಿಕೆಯ ಕಾರ್ಡು, ಆ ನೋಟ್‌ಬುಕ್, ಸಂಜೆಯ ರಂಪದ ಒಂದು ನಿಮಿಷದ ವಿಡಿಯೊ ಈ ಮೂರನ್ನೂ ಹಿಡಿದು ಡಾಕ್ಟರ ಬಳಿ ಹೋಗುವಾಗ ಗಂಡನೂ ಜೊತೆಗೆ ಬರಲಿ. ಹದಿನಾಲ್ಕನೇ ವಾರದ ಲಸಿಕೆಗೆ ಹೋದಾಗಿನ ತೂಕವನ್ನು ನಮಗೂ ಬರೆದು ಕಳಿಸಿ.