ಜೈಲಿನ ಬದಲು ಮನೆಬಾಗಿಲಿಗೆ ಬರುವ ಚಿಕಿತ್ಸೆ

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ. ಮಾತ್ರೆ ಬಿಡುತ್ತಾನೆ, ಬೀದಿಯಲ್ಲಿ ಕೂಗಾಡಿ ಜೈಲು ಸೇರುತ್ತಾನೆ, ಬಿಡುಗಡೆಯಾದ ಮೇಲೆ ಮತ್ತೆ ಅದೇ ಕಥೆ. ಇಂಥವರ ಮನೆಗೇ ಹೋಗಿ ಚಿಕಿತ್ಸೆ ಕೊಡುವ ತಂಡಗಳಿವೆಯಂತೆ. ಅವು ನಿಜಕ್ಕೂ ಜೈಲು ತಪ್ಪಿಸುತ್ತವೆಯೇ?

ಉತ್ತರ: ತಪ್ಪಿಸಬಲ್ಲವು, ಆದರೆ ತಂಡ ಹೆಸರಿಗಷ್ಟೇ ಇದ್ದರೆ ಆಗದು. ಈ ಪದ್ಧತಿ ಶುರುವಾದದ್ದು 1970ರ ದಶಕದಲ್ಲಿ, ಅಮೆರಿಕದ ಮ್ಯಾಡಿಸನ್‌ನಲ್ಲಿ. ಆಸ್ಪತ್ರೆಯಲ್ಲಿ ಸುಧಾರಿಸಿದವರು ಮನೆ ಸೇರಿದ ಮೇಲೆ ಮತ್ತೆ ಕೆಡುತ್ತಿದ್ದರು. ಅದಕ್ಕೇ ಮನೋವೈದ್ಯ ಲಿಯೊನಾರ್ಡ್ ಸ್ಟೈನ್, ಅವರ ಸಹೋದ್ಯೋಗಿ ಮೇರಿ ಆನ್ ಟೆಸ್ಟ್ ಮೊದಲಾದವರು ಆಸ್ಪತ್ರೆಯ ಸಿಬ್ಬಂದಿಯನ್ನೇ ಅವರಿರುವಲ್ಲಿಗೆ ಕಳಿಸಿದರು.

ಸುಮಾರು ಹತ್ತು ರೋಗಿಗಳಿಗೆ ಒಬ್ಬ ಸಿಬ್ಬಂದಿ, ಇದೇ ಮುಖ್ಯ ಲೆಕ್ಕ. ಮನೋವೈದ್ಯರು, ನರ್ಸ್, ಕುಡಿತ ಬಿಡಿಸುವವರು, ಕೆಲಸ ಹುಡುಕಿಕೊಡುವವರು ಎಲ್ಲ ಒಂದೇ ತಂಡದಲ್ಲಿರುತ್ತಾರೆ. ದಿನಾ ಬೆಳಿಗ್ಗೆ ಕೂತು ಒಬ್ಬೊಬ್ಬರ ಹೆಸರೂ ತೆಗೆಯುತ್ತಾರೆ: ನಿನ್ನೆ ಇವರನ್ನು ಯಾರು ನೋಡಿದರು, ಡಬ್ಬಿಯಲ್ಲಿ ಎಷ್ಟು ಮಾತ್ರೆ ಉಳಿದಿತ್ತು, ಇವತ್ತು ಯಾರು ಹೋಗಬೇಕು. ಒಬ್ಬರ ತಲೆಗೆ ಮೂವತ್ತು ನಲವತ್ತು ಜನರನ್ನು ಕಟ್ಟಿದರೆ ಮನೆ ಭೇಟಿ ನಿಂತು ಬರೀ ಫೋನ್ ಕರೆ ಉಳಿಯುತ್ತದೆ. ಹೆಚ್ಚಿನ ಕಡೆ ಕೆಡುವುದು ಇಲ್ಲೇ.

ಒಂದು ಮಾತು ಮುಚ್ಚಿಡಬಾರದು. ಇಂಥ ತಂಡಗಳಿಂದ ಹಲವೆಡೆ ಆಸ್ಪತ್ರೆ ವಾಸ ಕಡಿಮೆಯಾಗಿದೆ, ಆದರೆ ಬಂಧನ ಕೆಲವೆಡೆ ಮಾತ್ರ ಕಡಿಮೆಯಾಗಿದೆ. ಆದ್ದರಿಂದ ಕೋರ್ಟ್ ಮತ್ತು ಜೈಲಿನ ಬದಲು ಹೊರಗೆ ಬಿಟ್ಟವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿಗಳ ಜೊತೆ ಕೂಡಿ ಕೆಲಸ ಮಾಡುವ ತಂಡಗಳೂ ಬಂದಿವೆ. ಅಲ್ಲೂ ಎಚ್ಚರ ಬೇಕು. ಮಾತ್ರೆ ತಪ್ಪಿಸಿದ್ದನ್ನು ನರ್ಸ್‌ಗೆ ಹೇಳಿದರೆ ಮತ್ತೆ ಜೈಲು ಎಂದು ಗೊತ್ತಾದ ದಿನ ನಿಮ್ಮ ತಮ್ಮ ಬಾಗಿಲು ತೆರೆಯುವುದಿಲ್ಲ. ಏನನ್ನು ಕೋರ್ಟಿಗೆ ತಿಳಿಸಬೇಕು, ಏನು ತಂಡದೊಳಗೇ ಉಳಿಯಬೇಕು ಎಂಬುದನ್ನು ಮೊದಲೇ ಬರೆದಿಡಿಸಿ.

ದಿನದ ಮಾತ್ರೆ ಪದೇ ಪದೇ ತಪ್ಪುತ್ತಿದ್ದರೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಅದು ತಪ್ಪಿದರೆ ಅದೇ ದಿನ ನರ್ಸ್‌ಗೆ ಗೊತ್ತಾಗುತ್ತದೆ.

ಈಗಲೇ ಒಂದು ಹಾಳೆ ಸಿದ್ಧವಿರಲಿ: ಕಾಯಿಲೆ, ಔಷಧದ ಹೆಸರು, ಪ್ರಮಾಣ, ಕೊನೆಯ ಡೋಸ್ ತೆಗೆದುಕೊಂಡ ದಿನ, ವೈದ್ಯರ ಫೋನ್ ನಂಬರ್. ಬಂಧನವಾದರೆ ಮೊದಲ ದಿನವೇ ಜೈಲಿನ ವೈದ್ಯರಿಗೆ ತಲುಪಿಸಿ. ಸ್ಕಿಜೋಫ್ರೀನಿಯಾಗೆ ಕೊಡುವ ಕ್ಲೋಜಪೈನ್ ಎಂಬ ಔಷಧ ತೆಗೆದುಕೊಳ್ಳುವವರಿಗಂತೂ ಇದು ಬಹಳ ಮುಖ್ಯ. ಅದು 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸ್ ನೇರ ಕೊಡುವಂತಿಲ್ಲ. ರಕ್ತದೊತ್ತಡ ಒಮ್ಮೆಲೇ ಇಳಿದು ಕುಸಿದು ಬೀಳಬಹುದು, ಹಾಗಾಗಿ 12.5 ಮಿಲಿಗ್ರಾಂನಿಂದ ಮತ್ತೆ ಏರಿಸುತ್ತಾ ಹೋಗಬೇಕು. ಬಿಡುಗಡೆಯಾಗುವಾಗ ಕೈಯಲ್ಲಿ ಮಾತ್ರೆ ಇರಲಿ, ತಂಡದವರು ಜೈಲಿನ ಗೇಟಿನಲ್ಲೇ ಕಾದಿರಲಿ.