ಬಸ್ ನಿಂತಿದೆ, ಊರು ಇದೆ

ಸಾಗರದ ಕಡೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು:

“2008ರಲ್ಲಿ ಗೂಗಲ್‌ನ ಬ್ಲಾಗರ್‌ನಲ್ಲಿ ಒಂದು ಬ್ಲಾಗ್ ಶುರು ಮಾಡಿದೆ. ಅತ್ತೆ ಹೇಳಿಕೊಟ್ಟ ಅಡುಗೆ, ಮನೆಮದ್ದು, ಊರಿನ ಸುದ್ದಿ ಎಲ್ಲ ಸೇರಿ 140 ಬರಹ ಆಗಿವೆ. ಈಗ ತಿಂಗಳಿಗೆ ನಾಲ್ಕು ಜನ ಬಂದರೆ ಜಾಸ್ತಿ. ಬ್ಲಾಗಿನ ಕಾಲ ಮುಗಿದು ಎಷ್ಟೋ ವರ್ಷ ಆಯ್ತು, ಫೇಸ್‌ಬುಕ್‌ಗೆ ಹಾಕು, ಇಲ್ಲ ರೀಲ್ಸ್ ಮಾಡು ಅಂತಾನೆ ಮಗ. ಯಾವುದೋ ದೊಡ್ಡ ಬ್ಲಾಗ್ ಕಂಪನಿ ಬಾಗಿಲು ಹಾಕಿತು ಅಂತಲೂ ಓದಿದೆ. ನಾನೂ ಮುಚ್ಚಿಬಿಡಲೇ?”

ಮುಚ್ಚಬೇಡಿ ಮೇಡಂ. ಆದರೆ ನಿಮ್ಮ ಮಗ ಸುಮ್ನೆ ಹೇಳುತ್ತಿಲ್ಲ. ಅವರ ಮಾತಿನಲ್ಲಿ ಅರ್ಧ ನಿಜ ಇದೆ.

ನೀವು ಶುರು ಮಾಡಿದ ಕಾಲ ನೆನಪು ಮಾಡಿಕೊಳ್ಳಿ. ಕಂಪ್ಯೂಟರಿನಲ್ಲಿ ಕನ್ನಡ ಕಾಣಿಸುವುದೇ ಒಂದು ಹಬ್ಬ. ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಮೂಡಬೇಕಾದರೆ ಸಿಡಿ ಹುಡುಕಿ ಏನೋ ಒಂದು ಹೆಚ್ಚುವರಿ ಫೈಲು ಹಾಕಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಬರಹ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್‌ಗೆ ತಿರುಗಿಸಿ, ಬ್ಲಾಗಿಗೆ ಅಂಟಿಸುತ್ತಿದ್ದೆವು. 2005ರಲ್ಲಿ ಸಂಪದ ಎಂಬ ಕನ್ನಡ ಜಾಲತಾಣ ಬಂದಿತ್ತು. ಒಬ್ಬರ ಬ್ಲಾಗಿನ ಬದಿಯಲ್ಲಿ ಇನ್ನೊಬ್ಬರ ಬ್ಲಾಗಿನ ಕೊಂಡಿ, ಅಲ್ಲಿಂದ ಮತ್ತೊಬ್ಬರದು. ಒಂದು ಮನೆಗೆ ಹೋದರೆ ಕೇರಿಯನ್ನೇ ಸುತ್ತಿ ಬರುವ ಹಾಗಿತ್ತು.

ಆ ಕೇರಿಗೆ ಜನರನ್ನು ಕರೆತರುತ್ತಿದ್ದ ಬಸ್ಸೊಂದಿತ್ತು. ಅದರ ಹೆಸರು ಗೂಗಲ್ ರೀಡರ್. ನಿಮಗಿಷ್ಟವಾದ ಬ್ಲಾಗುಗಳನ್ನು ಒಮ್ಮೆ ಸೇರಿಸಿಟ್ಟರೆ ಸಾಕು, ಯಾರು ಹೊಸದು ಬರೆದರೂ ಅಲ್ಲೇ ಬಂದು ಕೂರುತ್ತಿತ್ತು. 2005ರ ಅಕ್ಟೋಬರ್‌ನಲ್ಲಿ ಶುರುವಾದ ಅದನ್ನು ಗೂಗಲ್ 2013ರ ಜುಲೈ 1ಕ್ಕೆ ನಿಲ್ಲಿಸಿತು. ಓದುಗರು ಸಿಟ್ಟಾದರು, ಬೇಡಿಕೊಂಡರು, ಏನೂ ಆಗಲಿಲ್ಲ. ಅಷ್ಟರಲ್ಲಿ ಎಲ್ಲರ ಕೈಗೂ ಫೋನ್ ಬರತೊಡಗಿತ್ತು, ಫೋನಿನಲ್ಲಿ ಫೇಸ್‌ಬುಕ್ ಇತ್ತು. ಬಸ್ ನಿಂತ ಊರಿಗೆ ಯಾರು ನಡೆದುಕೊಂಡು ಹೋಗುತ್ತಾರೆ? ಬರೆಯುವವರೂ ಜನ ಇದ್ದ ಕಡೆಗೇ ಹೊರಟರು. ಬ್ಲಾಗ್ ಸತ್ತಿತು ಎನ್ನುವ ಮಾತು ನನ್ನ ಕಿವಿಗೆ ಜಾಸ್ತಿ ಬಿದ್ದಿದ್ದು ಆಗಲೇ. ನನ್ನ ಪ್ರಕಾರ ಸತ್ತಿದ್ದು ದಾರಿ, ಬ್ಲಾಗ್ ಅಲ್ಲ.

ದಾರಿ ಬಂದ್ ಆಗಿದ್ದು ಅದೇ ಮೊದಲೂ ಅಲ್ಲ. 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟಗಳಾದ ಮೇಲೆ, ಕೆಲವೇ ಕೆಲವು ಪುಟಗಳನ್ನು ತಡೆಯಿರಿ ಎಂದು ಸರ್ಕಾರ ಇಂಟರ್ನೆಟ್ ಕಂಪನಿಗಳಿಗೆ ಹೇಳಿತು. ಅವರು ಬ್ಲಾಗರ್‌ನ ಬ್ಲಾಗುಗಳೆಲ್ಲ ಇರುವ ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತರು. ಆಗ ಎಷ್ಟೋ ಜನ ತಮ್ಮ ಬ್ಲಾಗನ್ನು ತಾವೇ ನೋಡಿದ್ದು ಪಿಕೆಬ್ಲಾಗ್ಸ್ ಎಂಬ ಅಡ್ಡದಾರಿಯಿಂದ. ಅದೇ ವರ್ಷ ಪಾಕಿಸ್ತಾನದಲ್ಲೂ ಬ್ಲಾಗ್‌ಸ್ಪಾಟ್ ಬಂದ್ ಆದಾಗ ಅಲ್ಲಿಯವರಿಗಾಗಿ ಮಾಡಿದ್ದ ದಾರಿ ಅದು! ಕೆಲವು ದಿನಗಳಲ್ಲಿ ಎಲ್ಲ ಸರಿಹೋಯಿತು. ಈಗಿನದು ಹಾಗೆ ಸರಿಹೋಗುವ ಲಕ್ಷಣ ಇಲ್ಲ. 2024ರ ಆಗಸ್ಟ್‌ನಿಂದ ಗೂಗಲ್ ನಮ್ಮ ದೇಶದಲ್ಲೂ ಹುಡುಕಾಟದ ನೆತ್ತಿಯ ಮೇಲೆ ಎಐ ಬರೆದ ಉತ್ತರ ಇಡುತ್ತಿದೆ. ಉತ್ತರ ಅಲ್ಲೇ ಸಿಕ್ಕರೆ ಒಳಗೆ ಬರುವವರು ಯಾರು? ಇಂಗ್ಲಿಷ್‌ನಲ್ಲಿ ಅಡುಗೆ ಬ್ಲಾಗ್ ನಡೆಸಿ ಜಾಹೀರಾತಿನಿಂದ ಬದುಕುವವರು ಈಗ ತಲೆ ಮೇಲೆ ಕೈ ಹೊತ್ತಿದ್ದಾರೆ. ನಿಮಗೆ ಆ ಚಿಂತೆ ಇಲ್ಲ, ನೀವು ಮೊದಲೂ ದುಡಿದಿಲ್ಲವಲ್ಲ.

ಇನ್ನು ಫೇಸ್‌ಬುಕ್ ಮಾತು. ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಒಂದು ಪರೀಕ್ಷೆ ಮಾಡಿ. ಮೂರು ವರ್ಷದ ಹಿಂದೆ ನೀವೇ ಅಲ್ಲಿ ಹಾಕಿದ ಒಂದು ಬರಹವನ್ನು ಈಗ ಹುಡುಕಿ. ನಾನು ಹುಡುಕಿದ್ದೇನೆ. ಅರ್ಧ ಗಂಟೆ ಹೋಯಿತು, ಬರಹ ಸಿಗಲಿಲ್ಲ. ಮಧ್ಯೆ ಎರಡು ಮದುವೆ ಫೋಟೋಗಳಿಗೆ ಲೈಕ್ ಕೊಟ್ಟು ಬಂದೆ. ಅಲ್ಲಿ ಬರಹಕ್ಕೆ ಒಂದು ದಿನದ ಆಯಸ್ಸು. ಬ್ಲಾಗಿನಲ್ಲಿ ಪ್ರತಿ ಬರಹಕ್ಕೂ ಒಂದು ತಾರೀಖು, ಒಂದು ವಿಳಾಸ. ನಿಮ್ಮ ಪರಿಚಯವೇ ಇಲ್ಲದವರು ಹತ್ತು ವರ್ಷ ಬಿಟ್ಟು ಬಂದು ಬಾಗಿಲು ತಟ್ಟಬಹುದು.

ಹೊಸ ಗಾಳಿ ಬೀಸುತ್ತಿರುವುದು ಈಮೇಲ್ ಕಡೆಗೆ. 2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್ ಎಂಬ ತಾಣದಲ್ಲಿ ಬರೆದದ್ದು ನೇರವಾಗಿ ಓದುಗರ ಮೇಲ್‌ಗೆ ಹೋಗುತ್ತದೆ. ಚಂದಾ ಇಟ್ಟರೆ ಅದರಲ್ಲಿ 10 ಶೇಕಡಾ ಕಂಪನಿಗೆ. ಓದುಗರ ಈಮೇಲ್ ಪಟ್ಟಿ ನಿಮ್ಮದೇ, ಬಿಟ್ಟು ಹೋಗುವಾಗ ತೆಗೆದುಕೊಂಡು ಹೋಗಬಹುದು. ಅದು ನನಗೆ ಹಿಡಿಸಿದೆ. ಒಂದು ತಮಾಷೆ ನೋಡಿ: 1999ರಲ್ಲಿ ಬ್ಲಾಗರ್ ಕಟ್ಟಿದವರಲ್ಲಿ ಇವಾನ್ ವಿಲಿಯಮ್ಸ್ ಒಬ್ಬರು. ಆಮೇಲೆ 140 ಅಕ್ಷರ ಸಾಕು ಎಂದ ಟ್ವಿಟರ್ ಕಟ್ಟಿದವರಲ್ಲೂ ಅವರಿದ್ದರು. 2012ರಲ್ಲಿ ಉದ್ದುದ್ದ ಬರೆಯಿರಿ ಎಂದು ಮೀಡಿಯಂ ಎಂಬ ತಾಣ ಶುರು ಮಾಡಿದವರೂ ಅವರೇ!

ನೀವು ಓದಿದ ಸುದ್ದಿ ಟೈಪ್‌ಪ್ಯಾಡ್‌ನದ್ದು. 2003ರಿಂದ ಇತ್ತು. ಇನ್ನು ಒಂದು ತಿಂಗಳಷ್ಟೇ ಎಂದು 2025ರ ಆಗಸ್ಟ್ ಕೊನೆಗೆ ಹೇಳಿ, ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದರು. ಅದು ಬಿಟ್ಟಿ ಸೇವೆ ಅಲ್ಲ. ಕಾಸು ಕೊಟ್ಟು ಬರೆದವರಿಗೂ ಇದೇ ಗತಿ. ಅಮೆರಿಕದ ಪ್ಯೂ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿತ್ತು: 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದಲ್ಲಿ ಕಾಣೆಯಾಗಿವೆ.

ನಾನೂ ಕಳೆದುಕೊಂಡವನೇ. ನನ್ನ ಹಳೇ ಬ್ಲಾಗಿನ ಫೋಟೋಗಳನ್ನೆಲ್ಲ ಒಂದು ಬಿಟ್ಟಿ ಜಾಲತಾಣದಲ್ಲಿ ಇಟ್ಟಿದ್ದೆ. ಒಂದು ದಿನ ಅವರು ದುಡ್ಡು ಕೇಳಿದರು, ನಾನು ಆ ಮೇಲ್ ನೋಡಲೇ ಇಲ್ಲ. ಈಗ ಜಾತ್ರೆಯ ಬರಹದಲ್ಲಿ ತೇರಿನ ಜಾಗದಲ್ಲಿ ಬೂದು ಬಣ್ಣದ ಚೌಕ ಕೂತಿದೆ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂದಿರುತ್ತದೆ, ಅದನ್ನು ಒತ್ತಿ. ನಿಮ್ಮ 140 ಬರಹ, ಕಾಮೆಂಟುಗಳ ಸಮೇತ, ನಿಮ್ಮ ಕೈಗೆ ಬರುತ್ತವೆ. ಬಂದದ್ದನ್ನು ತೆರೆದು ನೋಡಿ ಗಾಬರಿಯಾಗಬೇಡಿ, ಗೀಚಿದ ಹಾಗೆ ಕಾಣುತ್ತದೆ. ವರ್ಡ್‌ಪ್ರೆಸ್‌ನಂಥ ಇನ್ನೊಂದು ಬ್ಲಾಗ್ ತಾಣದಲ್ಲಿ ಅದನ್ನೇ ಹಾಕಿದರೆ ಬ್ಲಾಗ್ ಮತ್ತೆ ಎದ್ದು ನಿಲ್ಲುತ್ತದೆ. ಅದರೊಳಗೆ ಫೋಟೋ ಮಾತ್ರ ಇರುವುದಿಲ್ಲ, ಫೋಟೋದ ವಿಳಾಸ ಇರುತ್ತದೆ ಅಷ್ಟೇ. ಅವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ನನ್ನ ತೇರು ಹೋದದ್ದು ಸಾಕು. ತೀರಾ ಮುಖ್ಯ ಅನ್ನಿಸಿದ ಬರಹಗಳ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೂ ಕೊಡಿ. ಅಲ್ಲೊಂದು ಪ್ರತಿ ಉಳಿಯುತ್ತದೆ, ಖರ್ಚಿಲ್ಲ.

ಇನ್ನೊಂದು ವಿಷಯ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ. ಬ್ಲಾಗಿಗೆಂದೇ ಬೇರೆ ಜಿಮೇಲ್ ಮಾಡಿಕೊಂಡಿದ್ದರೆ ಆಗಾಗ ಲಾಗಿನ್ ಆಗುತ್ತಿರಿ. ನೀವು ಬಳಸುವುದು ನಿಂತ ಮೇಲೆ ಖಾತೆಯಲ್ಲಿರುವುದು ಯಾರಿಗೆ ಸೇರಬೇಕು ಎಂದು ಹೇಳಿಡಲು ಗೂಗಲ್‌ನಲ್ಲಿ ಜಾಗ ಇದೆ. ಅಲ್ಲಿ ಮಗನ ಹೆಸರನ್ನೇ ಹಾಕಿ. ಆಗ ಅವರೂ ಒಮ್ಮೆ ಬ್ಲಾಗ್ ಓದಬೇಕಾಗುತ್ತದೆ, ಅಲ್ವಾ?

ನಿಮ್ಮ ಪತ್ರ ಬಂದ ದಿನ ನಾನು ನಿಮ್ಮ ಬ್ಲಾಗ್ ಓದಿದೆ. 2009ರ ಕನ್ನೆಕುಡಿ ತಂಬುಳಿಯ ಬರಹದ ಕೆಳಗೆ ಹನ್ನೊಂದು ಕಾಮೆಂಟ್ ಇವೆ. ನಮ್ಮ ಕಡೆ ಜೀರಿಗೆ ಬದಲು ಎಳ್ಳು ಹಾಕುತ್ತೇವೆ ಎಂದು ಒಬ್ಬರು. ಅಮ್ಮ ಹೋದ ಮೇಲೆ ಈ ರುಚಿ ಮರೆತೇಹೋಗಿತ್ತು ಎಂದು ಅಮೆರಿಕದಿಂದ ಇನ್ನೊಬ್ಬರು. ಕೊನೆಯದು 2014ರದ್ದು: “ಕಾಳುಮೆಣಸು ಎಷ್ಟು ಹಾಕಬೇಕು ಅಂತ ಬರೆದಿಲ್ಲ, ದಯವಿಟ್ಟು ತಿಳಿಸಿ.” ನೀವು ಉತ್ತರ ಕೊಟ್ಟಿಲ್ಲ. ಭಾನುವಾರ ನಮ್ಮ ಮನೆಯಲ್ಲಿ ಅಂದಾಜಿಗೆ ಹಾಕಿದೆವು, ಖಾರ ಜಾಸ್ತಿ ಆಯ್ತು.

– ಸಂ.