ಆ ‘ಕೇವಲ’ ಹೊಡೆದುಹಾಕಿ

ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಿಂದ ಒಂದು ಪತ್ರ ಬಂದಿದೆ. ಬರೆದವರು ಮನೆಯಲ್ಲೇ ಜಂಪರ್ ಹೊಲಿದು ಸಂಸಾರ ತೂಗಿಸುತ್ತ, ಮಗಳನ್ನು ಕಾಲೇಜಿಗೆ ಕಳಿಸುವ ತಾಯಿ. ಊರ ಗುಡಿಗೆ ಗೋಪುರ ಕಟ್ಟಿಸುತ್ತಿದ್ದಾರಂತೆ. ಹತ್ತು ಸಾವಿರದ ಮೇಲೆ ಕೊಟ್ಟವರ ಹೆಸರು ಗ್ರಾನೈಟ್ ಕಲ್ಲಿನ ಮೇಲೆ ಬರುತ್ತದಂತೆ. “ನಾನು ಕೇವಲ 251 ರೂಪಾಯಿ ಕೊಟ್ಟೆ. ಕಮಿಟಿಯವರು ‘ಇರ್ಲಿ ಬಿಡ್ರಿ, ನಿಮ್ಮ ಕೈಲಾದಷ್ಟು’ ಅಂತ ನಕ್ಕರು. ನನ್ನಂಥವರು ಕೊಟ್ಟದ್ದು ದೇವರ ಲೆಕ್ಕಕ್ಕೆ ಬರುತ್ತಾ? ಮುಂದಿನ ವರ್ಷ ಸಂಘದಲ್ಲಿ ಸಾಲ ಎತ್ತಿಯಾದರೂ ಹತ್ತು ಸಾವಿರ ಕೊಡೋಣ ಅಂತಿದ್ದೇನೆ” ಎಂದು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತಲೂ ಕೇಳಿಕೊಂಡಿದ್ದಾರೆ.

ತಾಯಿ, ಮೊದಲು ಕಮಿಟಿಯವರ ಪರವಾಗಿ ಒಂದು ಮಾತು. ಗೋಪುರಕ್ಕೆ ಸಿಮೆಂಟು ಬೇಕು, ಕಬ್ಬಿಣ ಬೇಕು, ಗೌಂಡಿಗೆ ದಿನಗೂಲಿ ಕೊಡಬೇಕು. ದೊಡ್ಡ ಕೈಗಳು ಮುಂದೆ ಬರದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಪ್ಪಿದೆ. ಅವರ ಬಗ್ಗೆ ಇಷ್ಟು ಸಾಕು.

ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲೆ. ‘ಕೇವಲ 251’ ಅಂತ ಬರೆದಿದ್ದೀರಲ್ಲ, ಆ ‘ಕೇವಲ’ ಯಾರು ಹೇಳಿಕೊಟ್ಟದ್ದು? ಕಮಿಟಿಯವರು ನಕ್ಕರು, ಸರಿ. ‘ಕೇವಲ’ ಅಂದದ್ದು ಮಾತ್ರ ನೀವೇ.

ಜನವರಿಯಲ್ಲಿ ಒಮ್ಮೆ ಕೊಪ್ಪಳಕ್ಕೆ ಬನ್ನಿ. ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಲಕ್ಷಗಟ್ಟಲೆ ಬರುತ್ತವೆ. ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ, ಕೆಲವು ತಲೆಯ ಮೇಲಿನ ಬುಟ್ಟಿಯಲ್ಲಿ. ನಿಮಗೆ ಗೊತ್ತಿರುವುದೇ, ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಕೈಗೆ ಹತ್ತುತ್ತದೆ. ಬಡಿಯಬೇಕು, ಹಂಚಿಗೆ ಹಾಕಬೇಕು, ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು. ಬೆಂದದ್ದನ್ನು ಒಲೆಯ ಪಕ್ಕ ಒರಗಿಸಿ ಕಡಕ್ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಕೆಡದೇ ಇರುವುದರಿಂದಲೇ ಒಂದು ಮನೆಯ ಐದು, ಇನ್ನೊಂದು ಮನೆಯ ಐವತ್ತು ಕೂಡಿ ರಾಶಿಯಾಗುತ್ತದೆ. ನಾನು ಆ ರಾಶಿಯ ಹತ್ತಿರ ನಿಂತು ನೋಡಿದ್ದೇನೆ. ಒಂದರ ಅಂಚು ಸೀಳಿರುತ್ತದೆ. ಒಂದು ತುಸು ಸೀದಿರುತ್ತದೆ. ಒಂದರ ಮೇಲೆ ಬೆರಳಿನ ಗುರುತು ಹಾಗೇ ಇರುತ್ತದೆ. ಯಾವುದು ಗೌಡರ ಮನೆಯದು, ಯಾವುದು ಕೂಲಿ ಮಾಡುವವಳ ಮನೆಯದು, ಹೇಳಿ ನೋಡೋಣ!

ಇನ್ನೊಂದು ವಿಷಯ ಪೇಟೆಯವರಿಗೆ ಹೊಳೆಯುವುದಿಲ್ಲ. ನಮ್ಮ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಜಾತ್ರೆಯ ಹೊತ್ತಿಗೆ ಹೊಸ ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಅಂದರೆ ಬಂದ ರೊಟ್ಟಿ ಹೆಚ್ಚಾಗಿ ಹೋದ ವರ್ಷದ ಜೋಳದ್ದು, ಚೀಲದ ತಳದಲ್ಲಿ ಉಳಿದದ್ದು. ನಿಮ್ಮ ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಭತ್ತವೇ ಜಾಸ್ತಿ. ಅಲ್ಲಿಯವರು ಜೋಳವನ್ನು ದುಡ್ಡು ಕೊಟ್ಟು ತಂದು ರೊಟ್ಟಿ ಬಡಿಯಬೇಕು. ರೇಷನ್ ಅಕ್ಕಿ ಪುಕ್ಕಟೆ ಸಿಗುತ್ತದೆ, ಅದನ್ನೇ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಅಲ್ವಾ?

ಇನ್ನು ಸಾಲದ ಮಾತು. ಅದು ಬೇಡವೇ ಬೇಡ. ನಿಮ್ಮದೇ ಜಿಲ್ಲೆಯ ಹೆಣ್ಣುಮಗಳೊಬ್ಬಳ ಕಥೆ ಹೇಳುತ್ತೇನೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ದಾಸೋಹ. ಒಂದು ದಿನ ಆತ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಬೇರೆಯವರಾಗಿದ್ದರೆ ಹಿಗ್ಗುತ್ತಿದ್ದರು. ಲಕ್ಕಮ್ಮ ಗದರಿದಳು. ಹೆಚ್ಚಾದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ದೇವರ ಹೆಸರಿನಲ್ಲಿ ತಂದದ್ದಾದರೂ ತನ್ನ ದುಡಿಮೆಗೆ ಮೀರಿದ್ದು ಆಕೆಗೆ ಬೇಡವಾಗಿತ್ತು. ನೀವು ಸಂಘದ ಸಾಲ ತಂದು ಕೊಟ್ಟರೆ ವಾರ ವಾರ ಕಂತು ಕಟ್ಟುವವರು ಯಾರು? ಕಲ್ಲಿನ ಮೇಲೆ ಹೆಸರು, ಬೆನ್ನಿನ ಮೇಲೆ ಬಡ್ಡಿ.

ಕ್ರೈಸ್ತರಲ್ಲೂ ಇಂಥದೇ ಒಂದು ಕಥೆ ಇದೆ. ಯೆರೂಸಲೇಮಿನ ಗುಡಿಯಲ್ಲಿ ಉಳ್ಳವರು ಕಾಣಿಕೆ ಹಾಕುತ್ತಿದ್ದಾಗ ಬಡ ವಿಧವೆಯೊಬ್ಬಳು ಬಂದು ಎರಡು ಪುಟ್ಟ ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದ ಯೇಸು. ಉಳಿದವರು ತಮಗೆ ಮಿಕ್ಕಿದ್ದರಲ್ಲಿ ಕೊಟ್ಟಿದ್ದರು. ಇವಳು ಹೊಟ್ಟೆಪಾಡಿಗೆ ಇದ್ದದ್ದನ್ನೇ ಹಾಕಿದ್ದಳು. ಪುಣ್ಯಕ್ಕೆ ಅಲ್ಲಿ ಮೈಕ್ ಹಿಡಿದು ಹೆಸರು ಕೂಗುವವರು ಇರಲಿಲ್ಲ.

ಈಗ ಕೊಡುವುದಕ್ಕಿಂತ ಕೊಟ್ಟದ್ದನ್ನು ಕೂಗುವುದೇ ದೊಡ್ಡ ಕೆಲಸವಾಗಿದೆ. ರಾಯಚೂರು, ಬಳ್ಳಾರಿಯ ಬಿಸಿಲು ನಿಮಗೆ ನಾನು ಹೇಳಬೇಕಿಲ್ಲ. ಬೇಸಿಗೆ ಬಂದರೆ ರಸ್ತೆ ಬದಿಗೆ ಅರವಟ್ಟಿಗೆ ಇಡುತ್ತಾರೆ. ಎರಡು ಮಡಕೆ, ಅದರ ಹಿಂದೆ ಎರಡಾಳು ಎತ್ತರದ ಫ್ಲೆಕ್ಸು, ಅದರ ತುಂಬ ಕೈಮುಗಿದ ಮುಖಗಳು. ಫೋಟೋ ಹೊಡೆಸಿಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹದಿನೈದು ದಿನಕ್ಕೆ ಮಡಕೆ ಒಣಗುತ್ತದೆ, ಫ್ಲೆಕ್ಸ್ ಮಾತ್ರ ಮುಂಗಾರಿನವರೆಗೂ ಇರುತ್ತದೆ. ನಮ್ಮ ಕಚೇರಿ ಎದುರಿನ ಮಡಕೆಗೆ ಈಗ ನೀರು ತುಂಬುತ್ತಿರುವವನು ಪಕ್ಕದ ಚಹಾದಂಗಡಿಯ ಹುಡುಗ. ಅವನ ಮುಖ ಫ್ಲೆಕ್ಸಿನಲ್ಲಿ ಇಲ್ಲ.

ಬೇರೆಯವರನ್ನು ಬೈದದ್ದಾಯಿತು, ನನ್ನದೂ ಹೇಳಿಬಿಡುತ್ತೇನೆ. 2009ರ ನೆರೆಯಲ್ಲಿ ನಾವೂ ಪತ್ರಿಕೆಯಿಂದ ಹಣ ಕೂಡಿಸಿದೆವು. ಕೊಟ್ಟವರ ಪಟ್ಟಿ ಅಚ್ಚು ಹಾಕಿದೆವು, ದೊಡ್ಡ ಮೊತ್ತ ಮೇಲೆ, ಸಣ್ಣದು ಕೆಳಗೆ. ಜಾಗ ಸಾಲಲಿಲ್ಲ. ನೂರು ರೂಪಾಯಿಗಿಂತ ಕಡಿಮೆ ಕೊಟ್ಟವರನ್ನೆಲ್ಲ ಕೂಡಿಸಿ ‘ಇತರರು’ ಅಂತ ಒಂದೇ ಸಾಲು ಮಾಡಿದೆ. ಮಿರ್ಚಿ ಭಜಿ ಕರಿಯುವ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎಣ್ಣೆ ಹತ್ತಿದ ನೋಟು, ಚಿಲ್ಲರೆ ಎಲ್ಲ ಸೇರಿ ಅರವತ್ತೆರಡು ರೂಪಾಯಿ ಕೊಟ್ಟಿದ್ದಳು. ಪತ್ರಿಕೆ ಬಂದ ದಿನ ಮೊಮ್ಮಗನ ಕೈಲಿ ಪಟ್ಟಿ ಓದಿಸಿದ್ದಾಳೆ. ಮರುದಿನ ನಾನು ಭಜಿಗೆ ಹೋದಾಗ ಕೇಳಿದಳು: “ಇತರರು ಅಂದ್ರ ಯಾರ್ರೀ ಸಾಹೇಬ್ರ?”

“ನೀವs ಬೇ” ಅಂದೆ. ಮತ್ತೇನು ಹೇಳಲಿ? ಅವಳು ನಕ್ಕು ನಾಲ್ಕು ಭಜಿಗೆ ಐದು ಹಾಕಿ ಕೊಟ್ಟಳು. ಆಮೇಲೆ ನಮ್ಮಲ್ಲಿ ಅಂಥ ಪಟ್ಟಿ ಅಚ್ಚಾಗಿಲ್ಲ.

ನಿಮ್ಮ ಮಗಳ ಕಾಲೇಜು ಫೀಜು ಮೊದಲು ಕಟ್ಟಿ. ಆಮೇಲೆ ಉಳಿದರೆ ಮತ್ತೆ 251 ಕೊಡಿ, ಇಲ್ಲವೇ 51. ಅದೂ ಆಗದಿದ್ದರೆ ಗೋಪುರ ಏರುವ ಗೌಂಡಿಗಳಿಗೆ ಒಂದು ದಿನ ಮಜ್ಜಿಗೆ ಮಾಡಿಕೊಂಡು ಹೋಗಿ.

ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಆದರೆ ತಾಯಿ, ಕಲ್ಲಿನ ಮೇಲೆ ಹೆಸರು ಬರಲಿಲ್ಲ ಅಂತ ಎರಡು ಪುಟ ಬರೆದು, ಕೊನೆಗೆ ಪತ್ರಿಕೆಯಲ್ಲಿ ಹೆಸರು ಬೇಡ ಅಂದಿರಲ್ಲ, ಅದನ್ನು ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕೆವು.